ಮಗನನ್ನು ಚಿಕಿತ್ಸೆಗೆ ಕರೆದೊಯ್ದರೆ ಗಾಂಜಾ ಕೇಸ್ ಆಗುತ್ತದೆಯೇ?

ಪ್ರಶ್ನೆ (ಒಬ್ಬ ತಾಯಿ, ಹಾಸನ): ಡಾಕ್ಟರೇ, ನಮಸ್ಕಾರ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗ ರಜೆಗೆ ಬಂದಾಗ ಅವನ ಬ್ಯಾಗಿನಲ್ಲಿ ಗಾಂಜಾ, ಸುತ್ತುವ ತೆಳು ಕಾಗದ ಮತ್ತು ಕಣ್ಣು ಕೆಂಪಾಗಿರುವುದನ್ನು ಮರೆಮಾಚುವ ಡ್ರಾಪ್ಸ್ ಸಿಕ್ಕಿದವು. ವರ್ಷದಿಂದ ದಿನವೂ ಸೇದುತ್ತಿರುವುದನ್ನು ಒಪ್ಪಿಕೊಂಡಿದ್ದಾನೆ, ಬಿಡಬೇಕೆಂದೂ ಹೇಳುತ್ತಾನೆ. ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆಂದು ನಮ್ಮ ಯಜಮಾನರು ಹೆದರಿದ್ದಾರೆ. ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರವರು ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗಿ, ಮೂರು ತಿಂಗಳು ಇಟ್ಟುಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ (ಮನೋವೈದ್ಯರು): ಅಮ್ಮಾ, ಚಿಕಿತ್ಸೆಗೆ ಬಂದವರ ವಿವರವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ; ಸೇದುತ್ತೇನೆ ಎಂದು ಹುಡುಗನೊಬ್ಬ ಒಪ್ಪಿಕೊಂಡ ಮಾತ್ರಕ್ಕೆ ವೈದ್ಯರು ಠಾಣೆಗೆ ಫೋನ್ ಮಾಡುವುದಿಲ್ಲ. ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇರುವುದು ನಿಜ. ಆದರೆ ಅದೇ ಕಾಯ್ದೆಯ 64ಎ ಸೆಕ್ಷನ್, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿಯೇ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆ ಮತ್ತು ಅಲ್ಪ ಪ್ರಮಾಣದ ಮಾದಕ ವಸ್ತುವಿನ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು. ಈ ಸೆಕ್ಷನ್ ಗೊತ್ತಿಲ್ಲದೆ ವರ್ಷಗಟ್ಟಲೆ ಮುಚ್ಚಿಟ್ಟುಕೊಂಡ ಮನೆಗಳನ್ನು ಕಂಡಿದ್ದೇನೆ. ಗೆಳೆಯರಿಗೆ ಮಾರುತ್ತಿದ್ದರೆ ಮಾತ್ರ ವಿಷಯ ಬೇರೆ, ಆಗ ವಕೀಲರನ್ನೂ ಕಾಣಿ.

ರಾತ್ರಿ ಗಾಡಿಯವರನ್ನು ದಯವಿಟ್ಟು ಕರೆಸಬೇಡಿ. ಬಿಡುತ್ತೇನೆ ಎನ್ನುತ್ತಿರುವ ಹುಡುಗನನ್ನು ಎತ್ತಿಕೊಂಡು ಹೋದರೆ ಅವನಿಗೆ ನಿಮ್ಮ ಮೇಲಿರುವ ನಂಬಿಕೆಯೇ ಹೋಗುತ್ತದೆ. ಒಪ್ಪಿಗೆಯಿಲ್ಲದ ದಾಖಲಾತಿಗೆ ಕಾನೂನಿನಲ್ಲಿ ಕಟ್ಟುನಿಟ್ಟಾದ ಷರತ್ತುಗಳಿವೆ, ಸರಪಳಿ ಹಾಕುವುದಂತೂ ನಿಷಿದ್ಧ. ಗಾಂಜಾ ಬಿಡಲು ಹೆಚ್ಚಿನವರಿಗೆ ಒಳರೋಗಿಯಾಗುವ ಅಗತ್ಯವೇ ಬೀಳುವುದಿಲ್ಲ. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಅಥವಾ ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ಅವನ ಜೊತೆಯಲ್ಲಿಯೇ ಹೋಗಿ.

ಪ್ರಶ್ನೆ (ಇನ್ನೊಬ್ಬರು): ಸರ್, ಬಿಟ್ಟಿದ್ದಾನೆಯೇ ಎಂದು ತಿಳಿಯಲು ಔಷಧಿ ಅಂಗಡಿಯ ಮೂತ್ರ ಪರೀಕ್ಷೆಯ ಕಿಟ್ ಬಳಸಬಹುದೇ?

ಉತ್ತರ: ಅವನಿಗೆ ತಿಳಿಯದಂತೆ ಬೇಡ. ದಿನವೂ ಸೇದುತ್ತಿದ್ದವನ ಮೂತ್ರದಲ್ಲಿ, ನಿಲ್ಲಿಸಿದ ಮೇಲೂ ಕೆಲವು ವಾರಗಳ ಕಾಲ ಗಾಂಜಾದ ಅಂಶ ಕಾಣುವುದರಿಂದ, ನಿಜವಾಗಿ ಬಿಟ್ಟವನನ್ನೂ ಸುಳ್ಳುಗಾರನೆಂದು ಬೈಯುವಂತಾಗುತ್ತದೆ.

ಪ್ರಶ್ನೆ (ಅದೇ ತಾಯಿ): ಮೊನ್ನೆಯಿಂದ ಸೇದಿಲ್ಲವಂತೆ ಡಾಕ್ಟರೇ, ಆದರೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಮಾತಿಗೆ ಮುಂಚೆ ರೇಗುತ್ತಾನೆ.

ಉತ್ತರ: ಅದು ನಿಲ್ಲಿಸಿದ್ದರ ಲಕ್ಷಣವೇ ಅಮ್ಮಾ. ಮೊದಲ ವಾರ ಹೆಚ್ಚಿದ್ದು, ಸಾಮಾನ್ಯವಾಗಿ ಎರಡು ವಾರಗಳ ಹೊತ್ತಿಗೆ ತಗ್ಗುತ್ತದೆ. ಮನೆಯಲ್ಲಿರುವ ನಿದ್ರೆಮಾತ್ರೆಯನ್ನು ನೀವಾಗಿ ಕೊಡಬೇಡಿ. ಗಂಜಿಯೋ ಮಜ್ಜಿಗೆ ಅನ್ನವೋ, ಸೇರಿದಷ್ಟು ಉಣ್ಣಲಿ. ಈ ದಿನಗಳಲ್ಲಿ ಪಾಠ, ಅಂಕ, ಸ್ನೇಹಿತರ ವಿಚಾರಣೆ ಬೇಡ. ಯಾರೋ ಮಾತನಾಡುವಂತೆ ಕೇಳಿಸುತ್ತಿದೆ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನ್ನತೊಡಗಿದರೆ ಅಥವಾ ಸಾಯುವ ಮಾತನಾಡಿದರೆ ಕಾಯದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಹೊತ್ತಲ್ಲದ ಹೊತ್ತಿನಲ್ಲಿ ದಿಗಿಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.