ನಾಟಕ ಶಾಲೆಯ ಆಡಿಷನ್‌ಗೆ ಹೋಗಿ ಬಂದವರು ಹೇಳಿ: ಕಾಸರಗೋಡಿನಿಂದ ಒಂದು ಪ್ರಶ್ನೆ

ಬದಿಯಡ್ಕದ ಹತ್ತಿರದಿಂದ:

ನನಗೆ 20 ವರ್ಷ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಡಿಗ್ರಿಯ ಕೊನೆಯ ವರ್ಷ. ಎಂಟನೇ ಕ್ಲಾಸಿನಿಂದ ಯಕ್ಷಗಾನ ಕಲಿತಿದ್ದೇನೆ. ಶಾಲಾ ಕಲೋತ್ಸವದಲ್ಲಿ, ಅಂದರೆ ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆಯಲ್ಲಿ, ಎರಡು ಸಲ ವೇಷ ಮಾಡಿದ್ದೇನೆ. ನಾಟಕ ಮಾಡಿದ್ದು ಒಂದೇ ಒಂದು. ಹೆಗ್ಗೋಡಿನ ನೀನಾಸಮ್ ರಂಗ ಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಬೇಕು ಅಂತ ಆಸೆ. ಆದರೆ ಮನೆಯಲ್ಲಿ ತುಳು, ಪೇಟೆಗೆ ಹೋದರೆ ಮಲಯಾಳ. ಬೆಂಗಳೂರಿನ ಸಂಬಂಧಿಕರು ನನ್ನ ಕನ್ನಡ ಕೇಳಿ ‘ಪುಸ್ತಕ ಓದಿದ ಹಾಗಿದೆ’ ಅಂತಾರೆ. ಆಡಿಷನ್‌ನಲ್ಲಿ ಏನು ನೋಡುತ್ತಾರೆ? ಇಲ್ಲಿಂದ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪೆರ್ಲದಿಂದ:

ತಂಗೀ, ನಾನು ಎರಡು ವರ್ಷ ಆಡಿಷನ್‌ಗೆ ಹೋದವನು. ಮೊದಲ ಸಲ ಸೀಟು ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಆ ಮೊದಲನೆಯದನ್ನೇ ಪೂರ್ತಿ ಹೇಳುತ್ತೇನೆ. ಯಾಕೆಂದರೆ ನೀವೂ ಯಕ್ಷಗಾನದಿಂದ ಬಂದವರು.

ನಾನು ಅಭಿಮನ್ಯುವಿನ ಮಾತು ತಯಾರು ಮಾಡಿಕೊಂಡು ಹೋಗಿದ್ದೆ. ಪುಂಡುವೇಷ, ಅಂದರೆ ಯಕ್ಷಗಾನದ ಚುರುಕಿನ ಹುಡುಗರ ಪಾತ್ರ, ನನಗೆ ಅಭ್ಯಾಸ. ಸ್ವರ ಎತ್ತಿ ಹೇಳಿದೆ, ಹಾರಿ ತಿರುಗುವ ಎರಡು ಧಿಗಿಣವನ್ನೂ ಹಾಕಿದೆ. ಎದುರು ಕೂತವರು ಪೂರ್ತಿ ನೋಡಿದರು. ಆಮೇಲೆ ಒಬ್ಬರು, ‘ಇದೇ ಮಾತನ್ನು ಕೂತುಕೊಂಡು, ಅಮ್ಮನ ಹತ್ತಿರ ಮಾತ್ರ ಹೇಳುವ ಹಾಗೆ ಹೇಳಿ’ ಅಂದರು. ನನಗೆ ಆಗಲೇ ಇಲ್ಲ. ಸ್ವರ ಕಡಿಮೆ ಮಾಡಿದೆ, ಅಷ್ಟೆ. ಮಾತು ಅದೇ ರಾಗದಲ್ಲಿ ಹೊರಟಿತು. ‘ಈ ಹುಡುಗ ಅಮ್ಮನಿಂದ ಏನು ಬಯಸುತ್ತಾನೆ?’ ಅಂತ ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಚೆನ್ನಾಗಿ ಮಾಡುತ್ತೀರಾ ಅಂತ ಮಾತ್ರ ಅವರು ನೋಡುವುದಲ್ಲ. ಒಂದು ಸೂಚನೆ ಕೊಟ್ಟರೆ ಅದನ್ನು ಕೇಳಿಸಿಕೊಂಡು ಬದಲಾಗುತ್ತೀರಾ ಅಂತ ನೋಡುತ್ತಾರೆ. ಕಲಿಸಬೇಕಾದವರು ಅವರೇ ಅಲ್ವಾ? ಹಾಗಾಗಿ ಎರಡನೇ ವರ್ಷ ನಾನು ಹೊಸ ಮಾತು ಹುಡುಕಲಿಲ್ಲ. ಅದೇ ಅಭಿಮನ್ಯುವನ್ನು ಬಾವಿಯಿಂದ ನೀರು ಸೇದುತ್ತಾ ಹೇಳಿದೆ, ಗೋಡೆಗೆ ಮುಖ ಮಾಡಿ ಹೇಳಿದೆ, ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರ ಆಗದ ಹಾಗೆ ಹೇಳಿದೆ. ಪ್ರತಿ ಸಲ ಮಾತಿಗೆ ಹೊಸ ಕಾರಣ ಸಿಗುತ್ತಿತ್ತು.

ಯಕ್ಷಗಾನ ಗೊತ್ತಿರುವುದನ್ನು ಮುಚ್ಚಿಡಬೇಡಿ. ಅದು ದೊಡ್ಡ ಬಲ. ಕಾಲಿಗೆ ತಾಳ ಗೊತ್ತಿದೆ, ಹೊಟ್ಟೆಯಿಂದ ಸ್ವರ ಬರುತ್ತದೆ. ಇನ್ನೊಂದನ್ನು ನಾವು ಮರೆತೇ ಬಿಡುತ್ತೇವೆ. ಪ್ರಸಂಗದಲ್ಲಿ, ಅಂದರೆ ಯಕ್ಷಗಾನದ ಕಥೆಯಲ್ಲಿ, ಬರೆದಿರುವುದು ಪದ್ಯ ಮಾತ್ರ, ಅದರ ಅರ್ಥವನ್ನು ಮಾತು ಕಟ್ಟಿ ಹೇಳುವುದು ನಾವೇ, ಆಗಲೇ, ಅಲ್ಲೇ. ಆಡಿಷನ್‌ನಲ್ಲಿ ಒಂದು ಸನ್ನಿವೇಶ ಕೊಟ್ಟು ‘ಮಾಡಿ ತೋರಿಸಿ’ ಅಂದಾಗ ಬೇಕಾದದ್ದು ಅದೇ ಧೈರ್ಯ. ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆಯನ್ನು ಕೇಳಿ ಬೆಳೆದವರಿಗೆ ಅದು ಹೊಸದಲ್ಲ. ಆದರೆ ಕಲೋತ್ಸವದ ಅಭ್ಯಾಸದಲ್ಲಿ ನಮ್ಮ ಕಣ್ಣು ತೀರ್ಪುಗಾರರ ಕಡೆಗೇ ಇರುತ್ತದೆ. ಜೊತೆಯಲ್ಲಿ ನಿಂತವರ ಮಾತು ಮುಗಿಯುವುದನ್ನೇ ಕಾಯುತ್ತೇವೆ, ಕೇಳುವುದಿಲ್ಲ. ಗುಂಪಿನಲ್ಲಿ ಆಟ ಆಡಿಸುವಾಗ ಅದು ತಕ್ಷಣ ಗೊತ್ತಾಗುತ್ತದೆ.

ಭಾಷೆಯ ಬಗ್ಗೆ. ನಮಗೆ ಕನ್ನಡ ಬಂದದ್ದು ಶಾಲೆಯಿಂದ, ಯಕ್ಷಗಾನದಿಂದ. ಹಾಗಾಗಿ ಪುಸ್ತಕದ ಹಾಗೆ ಕೇಳಿಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ‘ಐತೆ’, ‘ಹೋಗಾಕಿಲ್ಲ’ ಅಂತ ಬೇರೆ ಸೀಮೆಯ ಮಾತನ್ನು ಬಾಯಿಗೆ ತುರುಕಬೇಡಿ. ಎರಡನೇ ವರ್ಷ ನನ್ನನ್ನು ‘ಮನೆಯಲ್ಲಿ ಯಾವ ಭಾಷೆ?’ ಅಂತ ಕೇಳಿದರು. ತುಳು ಅಂದೆ. ‘ಹಾಗಾದರೆ ತುಳುವಿನಲ್ಲೇ ಹೇಳಿ’ ಅಂದರು. ಆ ದಿನ ನಾನು ಅತ್ಯಂತ ಚೆನ್ನಾಗಿ ಮಾಡಿದ್ದು ಅದನ್ನೇ ಅಂತ ಈಗಲೂ ನಂಬಿದ್ದೇನೆ. ಬಿ.ವಿ. ಕಾರಂತರು ನಮ್ಮ ಪಕ್ಕದ ಬಂಟ್ವಾಳದ ಮಂಚಿಯವರು. ಅಲ್ಲಿಂದ ಹೊರಟು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು. ಊರು ಮೂಲೆಯಲ್ಲಿದೆ ಅಂತ ಹೆದರಬೇಡಿ.

ಮಂಜೇಶ್ವರದಿಂದ:

ನಾನು ಶಾಲೆಯಲ್ಲಿ ಮಕ್ಕಳಿಗೆ ನಾಟಕ, ಮೋನೋ ಆಕ್ಟ್ ಮಾಡಿಸುವ ಟೀಚರ್. ಒಂದೇ ಮಾತು ಸೇರಿಸುತ್ತೇನೆ. ನಾಟಕದಿಂದ ಮಾತು ಆರಿಸಿದರೆ ಆ ನಾಟಕವನ್ನು ಪೂರ್ತಿ ಓದಿ. ಮೊಬೈಲಿನಲ್ಲಿ ಯಾರೋ ಮಾಡಿದ್ದನ್ನು ನೋಡಿ ಕಲಿತರೆ ಅವರ ಉಸಿರು ಕೂಡ ನಿಮಗೆ ಅಂಟಿಕೊಳ್ಳುತ್ತದೆ. ನಿಮ್ಮ ವಯಸ್ಸಿಗೆ ಹತ್ತಿರದ ಪಾತ್ರ ಇರಲಿ. ಎರಡು ಮಾತು ತಯಾರು ಮಾಡುವುದಾದರೆ ಎರಡರಲ್ಲೂ ಅಳುವುದು ಬೇಡ.

ಕುಂಬಳೆಯಿಂದ:

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಿಂದ ಬರೆಯುತ್ತಿದ್ದೇನೆ, ಯಕ್ಷಗಾನದ ಹುಡುಗಿ ಅಂತ ಓದಿ ತುಂಬಾ ಖುಷಿಯಾಯಿತು! ಒಂದೇ ಕಡೆಗೆ ಅರ್ಜಿ ಹಾಕಿ ಕೂರಬೇಡಮ್ಮ. ನೀನಾಸಮ್ ಕೇಂದ್ರ 1980ರಿಂದ ಇದೆ, ಅಲ್ಲೇ ಉಳಿದು ಕಲಿಯಬೇಕು. ಮೈಸೂರಿನ ರಂಗಾಯಣದಲ್ಲಿ, ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿಯೂ ಕನ್ನಡದಲ್ಲಿ ನಾಟಕ ಕಲಿಸುತ್ತಾರೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ್ದು, ಡಿಗ್ರಿ ಮುಗಿದಿರಬೇಕು. ಅಲ್ಲಿ ಮೊದಲ ಸುತ್ತಿನಲ್ಲಿ ಆಯ್ಕೆಯಾದವರನ್ನು ಕೆಲವು ದಿನದ ಶಿಬಿರಕ್ಕೆ ಕರೆದು ಆಮೇಲೆ ತೀರ್ಮಾನಿಸುತ್ತಾರೆ. ಮಲಯಾಳ ಓದಿ ಬರೆಯಲು ಬರುವುದಾದರೆ ತೃಶ್ಶೂರಿನಲ್ಲಿ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆಯೂ ಇದೆ. ಗಡಿಯಲ್ಲಿ ಹುಟ್ಟಿದ್ದರಿಂದ ನಮಗೆ ಎರಡೂ ಕಡೆಯ ಬಾಗಿಲು ತೆರೆದಿದೆ. ಅರ್ಜಿಯ ತಾರೀಕು, ವಯಸ್ಸಿನ ಮಿತಿಯನ್ನು ಆಯಾ ಶಾಲೆಯ ಈ ವರ್ಷದ ಪ್ರಕಟಣೆಯಲ್ಲೇ ನೋಡು.

ಮನೆಯವರ ವಿಷಯ ನೀನು ಬರೆಯಲಿಲ್ಲ. ನನ್ನ ಅಮ್ಮನಿಗೆ ನಾಟಕದ ಬಗ್ಗೆ ಬೇಸರ ಇರಲಿಲ್ಲ, ಮಗಳು ಎಲ್ಲಿ ಮಲಗುತ್ತಾಳೆ ಅನ್ನುವ ಚಿಂತೆ ಇತ್ತು. ಸಂದರ್ಶನಕ್ಕೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋದೆ. ಹುಡುಗಿಯರ ಹಾಸ್ಟೆಲ್ ನೋಡಿದರು, ಅಡುಗೆಮನೆ ನೋಡಿದರು, ಕಲಿಯುತ್ತಿದ್ದ ಇಬ್ಬರು ಹುಡುಗಿಯರ ಹತ್ತಿರ ಮಾತಾಡಿದರು. ವಾಪಸು ಬರುವಾಗ ಬಸ್ಸಿನಲ್ಲಿ ‘ಬೆಡ್‌ಶೀಟ್ ಎರಡು ಬೇಕಾದೀತು’ ಅಂದರು. ನನಗೆ ಆಗಲೇ ಸೀಟು ಸಿಕ್ಕಿದಷ್ಟು ಸಂತೋಷವಾಯಿತು.

ಬದಿಯಡ್ಕದ ಹತ್ತಿರದಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಪೆರ್ಲದ ಅಣ್ಣ ಹೇಳಿದ ಹಾಗೆ ಮಾಡಿ ನೋಡಿದೆ. ನಾನು ಕಲೋತ್ಸವದಲ್ಲಿ ಮಾಡಿದ್ದ ದ್ರೌಪದಿಯ ಮಾತನ್ನು ಅಡಿಕೆ ಸುಲಿಯುತ್ತಾ, ತುಳುವಿನಲ್ಲಿ, ಮೆಲ್ಲಗೆ ಹೇಳಿದೆ. ಅಜ್ಜಿ ಪಕ್ಕದಲ್ಲಿ ಕೂತಿದ್ದರು. ಅರ್ಧದಲ್ಲಿ ಕತ್ತಿ ಕೆಳಗಿಟ್ಟು ‘ಯಾರು ಮಗಾ ನಿನಗೆ ಹೀಗೆ ಮಾಡಿದ್ದು?’ ಅಂತ ಕೇಳಿದರು. ಇದನ್ನೇ ತೆಗೆದುಕೊಂಡು ಹೋಗಲಾ? ಮತ್ತೆ, ಯಾವ ಬಟ್ಟೆ ಹಾಕಬೇಕು?

ಪೆರ್ಲದಿಂದ:

ಖಂಡಿತ ಅದನ್ನೇ. ಕನ್ನಡದಲ್ಲೂ ಅಷ್ಟೇ ಮೆಲ್ಲಗೆ ಹೇಳಿ ನೋಡಿ. ಬಟ್ಟೆ ಸಡಿಲವಾಗಿರಲಿ, ನೆಲದಲ್ಲಿ ಕೂರಲು, ಓಡಲು ಆಗಬೇಕು. ಚೂಡಿದಾರ್ ಸಾಕು. ಶಾಲು ಗಟ್ಟಿಯಾಗಿ ಕಟ್ಟಿಕೊಳ್ಳಿ, ಬಳೆ ಬೇಡ. ಮಂಗಳೂರಿನಿಂದ ಸಾಗರಕ್ಕೆ ಬಸ್ಸು, ಸಾಗರದಿಂದ ಹೆಗ್ಗೋಡು ಹತ್ತಿರ. ಮಳೆಗಾಲವಾದರೆ ಘಾಟಿಯಲ್ಲಿ ತಡವಾಗುತ್ತದೆ, ಹಿಂದಿನ ದಿನವೇ ಹೊರಡಿ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ.