ಇಂಟರ್ಮಿಟೆಂಟ್ ಎರರ್‌ಗೆ (ಬಿಟ್ಟು ಬಿಟ್ಟು ಬರೋ ಎರರ್) ಕನ್ನಡದಲ್ಲಿ ಏನಂತೀರಿ? ನಾಳೆ ಬೆಳಿಗ್ಗೆಯೊಳಗೆ ಬೇಕು

ಎಲ್ರಿಗೂ ನಮಸ್ಕಾರ. ದಾವಣಗೆರೆ ಎಪಿಎಂಸಿ ಯಾರ್ಡಲ್ಲಿ ಒಂದು ದಲಾಲಿ ಅಂಗಡಿಗೆ ಜಾವಾದಲ್ಲಿ ಬಿಲ್ಲಿಂಗ್ ಮಾಡಿಕೊಟ್ಟಿದೀನಿ. ಮೆಕ್ಕೆಜೋಳದ ಸೀಜನ್ನು, ಬೆಳಿಗ್ಗೆ ಅಂಗಡಿ ತೆಗೆದ ಕೂಡ್ಲೆ ಮೊದಲ ಎರಡು ಮೂರು ಪಟ್ಟಿಗೆ (ಬಿಲ್ಲಿಗೆ) ಡೇಟಾಬೇಸ್ ಎರರ್ ಬರುತ್ತೆ, 'ಕಮ್ಯುನಿಕೇಷನ್ಸ್ ಲಿಂಕ್ ಫೇಲ್ಯೂರ್' ಅಂತ, ಮತ್ತೆ ಒತ್ತಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಹಂಗೆ ನಡೆಯುತ್ತೆ, ಕೆಲವು ದಿನ ಬರೋದೇ ಇಲ್ಲ. ಕಾರಣ ಸಿಕ್ತು: ಮೈಎಸ್ಕ್ಯುಎಲ್ ಡೇಟಾಬೇಸು 28,800 ಸೆಕೆಂಡು, ಅಂದ್ರೆ 8 ಗಂಟೆ ಸುಮ್ನಿದ್ದ ಕನೆಕ್ಷನ್ನ ತಾನೇ ಮುಚ್ಚಿಬಿಡುತ್ತೆ, ನಮ್ಮ ಹಳೇ ಪೂಲು (ತೆರೆದ ಕನೆಕ್ಷನ್ ಕೂಡಿಟ್ಟು ಬೇಕಾದಾಗ ಕೊಡೋ ಭಾಗ) ಜೀವ ಇದೆಯಾ ಅಂತ ನೋಡದೇ ಅದನ್ನೇ ತೆಗೆದು ಕೊಡುತ್ತೆ. ಸೀಜನ್ ಮುಗಿಯೋತನಕ ಕೈ ಹಚ್ಚಬೇಡ ಅಂದಿದಾರೆ ಮಾಲೀಕರು. ಅಲ್ಲೀತನಕ ಸ್ಕ್ರೀನಲ್ಲಿ ಒಂದು ಸಾಲು ಕನ್ನಡ ಬೇಕು. 'ಮಧ್ಯಂತರ ದೋಷ' ಅಂತ ಹಾಕಿದೀನಿ, ಸರೀನಾ?

ಚಿತ್ರದುರ್ಗದ ಮೇಷ್ಟ್ರು ಬರೆದದ್ದು:
> ಮಧ್ಯಂತರ ದೋಷ
ತಪ್ಪು. ಮಧ್ಯಂತರ ಆದೇಶ, ಮಧ್ಯಂತರ ಚುನಾವಣೆ, ಅಲ್ಲಿಗೆ ಮುಗೀತು ಆ ಪದದ ಕೆಲಸ. ಬಿಟ್ಟು ಬಿಟ್ಟು ಬರೋ ಜ್ವರಕ್ಕೆ ಆಯುರ್ವೇದದಲ್ಲಿ ವಿಷಮಜ್ವರ ಅಂತ ಹೆಸರಿದೆ. 'ವಿಷಮದೋಷ' ಅನ್ನಿ.

ಅಚ್ಚಗನ್ನಡದ ಗೆಳೆಯರು:
ಮತ್ತೆ ಸಂಸ್ಕ್ರುತ. 'ಎಡೆಬಿಡದೆ' ಅಂತ ನಾವೆಲ್ಲ ದಿನಾ ಆಡ್ತೀವಲ್ಲ, ಎಡೆ ಅಂದ್ರೆ ನಡುವಿನ ತೆರಪು ಅಂತ ಅರ್ತ. ಹಾಗಾದ್ರೆ 'ಎಡೆಬಿಟ್ಟ ತಪ್ಪು' ಯಾಕಾಗಬಾರದು?

ಮೇಷ್ಟ್ರು:
ಮೊದ್ಲು 'ಅರ್ತ'ಕ್ಕೆ ಹೊಟ್ಟೆ ಸೀಳಿ ಬರೀರಿ, ಆಮೇಲೆ ಪದ ಕಟ್ಟೋಣ.

ದಾವಣಗೆರೆಯ ಲೆಕ್ಕದ ಮೇಡಂ:
ಇಬ್ರಿಗೂ ಕೈ ಮುಗಿದೆ. ಯಾರ್ಡಲ್ಲಿ ಎಡೆ ಅಂದ್ರೆ ದೇವರಿಗೆ ಇಡೋ ಎಡೆ, 'ಎಡೆಬಿಟ್ಟ ತಪ್ಪು' ಅಂತ ಕಂಡ್ರೆ ಗುಮಾಸ್ತ ಹೋಳಿಗೆ ಇಡೋದು ಮರೆತ್ವಾ ಅಂತ ಕೇಳ್ತಾನೆ. ವಿಷಮ ಅಂದ್ರೆ ಐಸಿಯು ಮುಂದೆ ನಿಂತ ಹಂಗಾಗುತ್ತೆ. ಗುಮಾಸ್ತರ ಬಾಯಲ್ಲಿ ಪದ ಆಗ್ಲೇ ಐತಿ, 'ಸಾರ್, ಒಂದೊಂದ್ ಸಲ ಕೈಕೊಡ್ತೈತಿ' ಅಂತಾರೆ. ಅದನ್ನೇ ಬರೀರಿ. ಆದ್ರೆ ತಮ್ಮಾ, ಸುಮ್ನೆ 'ಮತ್ತೆ ಒತ್ತಿ' ಅಂತ ಮಾತ್ರ ಹಾಕ್ಬೇಡ. ಪಟ್ಟಿ ಸೇವ್ ಆಗೋ ಹೊತ್ತಿಗೇ ಲಿಂಕ್ ಕಡಿದ್ರೆ ಅದು ಸೇರಿತೋ ಇಲ್ವೋ ನಿನ್ನ ಪ್ರೋಗ್ರಾಮಿಗೂ ಗೊತ್ತಾಗಲ್ಲ, ಒಂದೇ ಲೋಡಿಗೆ ಎರಡು ಪಟ್ಟಿ ಆಗಿ ಸಂಜೆ ಲೆಕ್ಕ ಕೂಡಿಸೋಳು ನನ್ನಂಥವಳು.

ಮೇಷ್ಟ್ರು:
'ಕೈಕೊಡು' ಬೀದಿಮಾತು. ಪರದೆ ಮೇಲೆ ಬರೆಯೋದಕ್ಕೆ ಒಂದು ಘನತೆ ಬೇಡ್ವೇ?

ಮೇಡಂ:
ದಲಾಲಿ, ಹಮಾಲಿ, ಬಾಕಿ ಅರಬ್ಬಿಯಿಂದ ಬಂದವು, ರಸೀದಿ, ಗುಮಾಸ್ತ ಫಾರ್ಸಿ, ನೀವಂದ ಪರದೆನೂ ಫಾರ್ಸೀನೇ ಸಾರ್. ಯಾರ್ಡಿನ ಘನತೆ ಕೆಟ್ಟಿಲ್ಲ. 'ಕೈಕೊಡು' ಒಂದಾದ್ರೂ ನಮ್ಮದು.

ದಾವಣಗೆರೆಯಿಂದ:
ಅಕ್ಕಾ ಥ್ಯಾಂಕ್ಸ್, ಪಟ್ಟಿ ಸೇರಿತಾ ಅಂತ ನೋಡೋ ವಿಷಯ ಹೊಳೆದೇ ಇರ್ಲಿಲ್ಲ. ಹಾಕಿಬಿಟ್ಟೆ: 'ಸಂಪರ್ಕ ಕೈಕೊಟ್ಟಿದೆ. ಪಟ್ಟಿ ಸೇರಿದೆಯಾ ನೋಡಿ, ಸೇರದಿದ್ರೆ ಮತ್ತೆ ಒತ್ತಿ.' ಮೇಷ್ಟ್ರೇ, ದೋಷ ಅನ್ನೋ ಪದಾನೇ ತೆಗೆದೆ, ಬೇಜಾರು ಮಾಡ್ಕೋಬೇಡಿ.

ಅಚ್ಚಗನ್ನಡದ ಗೆಳೆಯರು:
'ಸಂಪರ್ಕ' ಯಾಕೆ? 'ನಂಟು' ಇಲ್ವಾ?

ಮೇಡಂ:
'ನಂಟು ಕೈಕೊಟ್ಟಿದೆ' ಅಂತ ಹಾಕಿದ್ರೆ ಮಾಲೀಕರು ಮೊದ್ಲು ಅಳಿಯಂಗೆ ಫೋನ್ ಹಚ್ತಾರೆ.