ಹೊಸ ಫುಲ್ ಸಸ್ಪೆನ್ಷನ್ ಫ್ರೇಮ್: ಹೈ ಪಿವಟ್‌ಗೆ ಹೋಗಲೇ, ಹಾರ್ಸ್ಟ್ ಲಿಂಕ್‌ನಲ್ಲೇ ಉಳಿಯಲೇ?

ಪ್ರಶ್ನೆ

ಎಂಟು ವರ್ಷಗಳಿಂದ ನಾನು ಓಡಿಸುತ್ತಿರುವ ಮೌಂಟನ್ ಬೈಕಿನದು ಹಿಂಬದಿಯಲ್ಲಿ 140 ಮಿ.ಮೀ. ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ) ಇರುವ, ಹಾರ್ಸ್ಟ್ ಲಿಂಕ್ (ಹಿಂದಿನ ಆಕ್ಸಲ್‌ನ ಮುಂದೆ ಕೀಲು ಇರುವ) ಮಾದರಿಯ ಅಲ್ಯೂಮಿನಿಯಂ ಫ್ರೇಮ್. ಅದು ಗಟ್ಟಿಯಾಗಿಯೇ ಇದೆ. ಆದರೆ ಹೆಡ್ ಆ್ಯಂಗಲ್ (ಮುಂದಿನ ಫೋರ್ಕ್ ನೆಲಕ್ಕೆ ಮಾಡುವ ಕೋನ) 67 ಡಿಗ್ರಿಯಷ್ಟು ಕಡಿದಾಗಿದ್ದು, ರೀಚ್ (ಕ್ರ್ಯಾಂಕಿನ ನಡುವಿನಿಂದ ಹ್ಯಾಂಡಲ್ ಕೊಳವೆಯ ತುದಿಯವರೆಗಿನ ಅಡ್ಡ ಅಳತೆ) 430 ಮಿ.ಮೀ. ಮಾತ್ರ ಇರುವುದರಿಂದ ಕಡಿದಾದ ಇಳಿಜಾರಿನಲ್ಲಿ ಮುಂದಿನ ಚಕ್ರದ ಮೇಲೆಯೇ ಮಗುಚಿ ಬೀಳುವಂತಾಗುತ್ತದೆ. ಹೀಗಾಗಿ ಹೊಸ ಫ್ರೇಮ್ ಕೊಳ್ಳಲು ನಿರ್ಧರಿಸಿದ್ದೇನೆ.

ಈ ಎಂಟು ವರ್ಷಗಳಲ್ಲಿ ಫ್ರೇಮ್‌ಗಳ ರೂಪವೇ ಬದಲಾಗಿಬಿಟ್ಟಿದೆ. ಮುಖ್ಯ ಪಿವಟನ್ನು (ಹಿಂಬದಿ ಆಡುವ ಕೀಲು) ಚೈನ್‌ರಿಂಗ್‌ಗಿಂತ ಬಹಳ ಮೇಲೆ ಕೂರಿಸಿ, ಚೈನನ್ನು ಐಡ್ಲರ್ ಎಂಬ ಪುಟ್ಟ ಹಲ್ಲುಗಾಲಿಯ ಮೇಲಿಂದ ಹಾಯಿಸುವ ಹೈ ಪಿವಟ್ ಫ್ರೇಮ್‌ಗಳು ಈಗ ಡೌನ್‌ಹಿಲ್ ಬೈಕುಗಳಿಂದ ಟ್ರೈಲ್ ಬೈಕುಗಳವರೆಗೂ ಬಂದಿವೆ. ಹಿಂಬದಿಯ ಪಿವಟನ್ನೇ ತೆಗೆದುಹಾಕಿ ಸೀಟ್‌ಸ್ಟೇಯ (ಸೀಟಿನ ಕಡೆಯಿಂದ ಹಿಂದಿನ ಚಕ್ರಕ್ಕಿಳಿಯುವ ಕೊಳವೆ) ಬಾಗುವಿಕೆಯನ್ನು ನೆಚ್ಚಿಕೊಂಡ ಫ್ಲೆಕ್ಸ್ ಸ್ಟೇ ಫ್ರೇಮ್‌ಗಳೂ ಇವೆ.

ನನ್ನ ಹಾದಿಯಲ್ಲಿ ಒಂದು ಗಂಟೆ ಪೆಡಲ್ ತುಳಿದೇ ಏರಬೇಕು. ಇಳಿಯುವಾಗ ಬೇರುಗಳೂ, ಒಂದರ ಹಿಂದೊಂದು ಬರುವ ಚೂಪು ಅಂಚಿನ ಕಲ್ಲುಗಳೂ ಸಿಗುತ್ತವೆ. ಆ ಕಲ್ಲುಗಳ ಸಾಲಿನಲ್ಲಿ ಪೆಡಲ್ ನನ್ನ ಪಾದಕ್ಕೆ ಒದೆಯುತ್ತದೆ. ಇದು ಪೆಡಲ್ ಕಿಕ್‌ಬ್ಯಾಕ್ ಆಗಿದ್ದರೆ ಹೈ ಪಿವಟ್‌ನಿಂದ ನಿವಾರಣೆಯಾದೀತೇ? ಐಡ್ಲರ್ ಇದ್ದರೆ ಏರುವಾಗ ಹೆಚ್ಚು ಶ್ರಮವಾಗುತ್ತದೆಯೇ? ಓಡಿಸಿ ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಪಾದಕ್ಕೆ ತಗಲುವ ಒದೆತವೆಲ್ಲ ಕಿಕ್‌ಬ್ಯಾಕ್ ಅಲ್ಲ. ಫ್ರೇಮ್ ಆರಿಸುವ ಮುನ್ನ ಅದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಹಿಂದಿನ ಚಕ್ರ ಮೇಲೇರಿದಂತೆ ಅದರ ಆಕ್ಸಲ್‌ಗೂ ಕ್ರ್ಯಾಂಕಿಗೂ ನಡುವಿನ ಅಂತರ ಹೆಚ್ಚಿದರೆ ಚೈನಿನ ಮೇಲಿನ ಎಳೆ ಬಿಗಿಯಾಗಿ ಕ್ರ್ಯಾಂಕನ್ನು ಹಿಂದಕ್ಕೆ ಎಳೆಯುತ್ತದೆ. ಕಿಕ್‌ಬ್ಯಾಕ್ ಎಂದರೆ ಇಷ್ಟೇ. ಮನೆಯಲ್ಲೇ ನೋಡಬಹುದು. ಶಾಕ್‌ನ ಗಾಳಿಯನ್ನು ಪೂರ್ತಿ ಬಿಟ್ಟು, ಚೈನನ್ನು ಅತಿ ದೊಡ್ಡ ಸ್ಪ್ರಾಕೆಟ್‌ಗೆ ಏರಿಸಿ, ಹಿಂದಿನ ಬ್ರೇಕ್ ಹಿಡಿದು ಸೀಟನ್ನು ಮೆಲ್ಲಗೆ ಅದುಮಿ, ಪೆಡಲ್ ಎಷ್ಟು ಹಿಂದೆ ಸರಿಯುತ್ತದೆ ಎಂಬುದನ್ನು ಗಮನಿಸಿ. ಆಮೇಲೆ ಅತಿ ಚಿಕ್ಕ ಸ್ಪ್ರಾಕೆಟ್‌ನಲ್ಲಿ ಅದನ್ನೇ ಮಾಡಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮಾತು. ಚಿಕ್ಕ ಸ್ಪ್ರಾಕೆಟ್‌ನಲ್ಲಿ ವೇಗವಾಗಿ ಇಳಿಯುವಾಗ ಹಬ್ ಎಷ್ಟು ಬೇಗ ಮುಂದಕ್ಕೆ ತಿರುಗುತ್ತಿರುತ್ತದೆಯೆಂದರೆ, ಚೈನ್ ಎಳೆದರೂ ಫ್ರೀಹಬ್ (ಹಬ್‌ನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಭಾಗ) ಅದನ್ನು ಕ್ರ್ಯಾಂಕಿಗೆ ಮುಟ್ಟಿಸುವುದೇ ಇಲ್ಲ. ನಿಧಾನವಾಗಿ, ದೊಡ್ಡ ಸ್ಪ್ರಾಕೆಟ್‌ನಲ್ಲಿ, ಅಥವಾ ಬ್ರೇಕ್ ಹಿಡಿದು ಚಕ್ರ ನಿಂತಾಗ ಕಲ್ಲಿಗೆ ತಾಗಿದರೆ ಮಾತ್ರ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಆದ್ದರಿಂದ ಪರಿಚಿತವಾದ, ಪೆಡಲ್ ತುಳಿಯುವ ಅಗತ್ಯವೇ ಇಲ್ಲದ ಒಂದು ಚಿಕ್ಕ ಇಳಿಜಾರಿನಲ್ಲಿ ಚೈನ್ ತೆಗೆದಿಟ್ಟು ಒಮ್ಮೆ ಇಳಿದು ನೋಡಿ. ಒದೆತ ಆಗಲೂ ಉಳಿದರೆ ಅಪರಾಧಿ ಚೈನ್ ಅಲ್ಲ.

ವಿನ್ಯಾಸದ ಹೆಸರಿಗೆ ಅಗತ್ಯಕ್ಕಿಂತ ಹೆಚ್ಚು ಬೆಲೆ ಕೊಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಚೈನ್‌ಸ್ಟೇಯ (ಕ್ರ್ಯಾಂಕಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ) ಮೇಲೆ, ಆಕ್ಸಲ್‌ನ ಮುಂದೆ ಪಿವಟ್ ಇಡುವ ಉಪಾಯ ಹಾರ್ಸ್ಟ್ ಲೈಟ್ನರ್ ಅವರದು. ಅವರ ಪೇಟೆಂಟನ್ನು 1998ರಲ್ಲಿ ಸ್ಪೆಷಲೈಸ್ಡ್ ಎಂಬ ಬೈಕ್ ಕಂಪನಿ ಕೊಂಡಿತು, ಅಮೆರಿಕದಲ್ಲಿ ಅದರ ಅವಧಿ 2013ರಲ್ಲಿ ಮುಗಿಯಿತು. ಪೇಟೆಂಟಿನ ಕಾಲದಲ್ಲಿ ಉಳಿದ ತಯಾರಕರು ಬೇರೆ ದಾರಿ ಹುಡುಕಿದ್ದಕ್ಕೆ ಎಂಜಿನಿಯರಿಂಗ್‌ನಷ್ಟೇ ಕಾನೂನೂ ಕಾರಣವಾಗಿತ್ತು. ಒಂದೇ ಹೆಸರಿನ ಎರಡು ಫ್ರೇಮ್‌ಗಳು ಪಿವಟ್‌ನ ಜಾಗ ಕೆಲವೇ ಮಿಲಿಮೀಟರ್ ಬದಲಾದರೂ ತೀರ ಬೇರೆಯಾಗಿ ನಡೆದುಕೊಳ್ಳುತ್ತವೆ.

ನೀವು ನೋಡಬೇಕಾದದ್ದು ಲೆವರೇಜ್ ರೇಶಿಯೋ, ಅಂದರೆ ಶಾಕ್ ಒಂದು ಮಿ.ಮೀ. ಕುಗ್ಗಿದಾಗ ಚಕ್ರ ಎಷ್ಟು ಮಿ.ಮೀ. ಮೇಲೇರುತ್ತದೆ ಎಂಬುದು. 150 ಮಿ.ಮೀ. ಟ್ರಾವೆಲ್‌ಗೆ 60 ಮಿ.ಮೀ. ಸ್ಟ್ರೋಕ್‌ನ (ಶಾಕ್ ಕುಗ್ಗುವ ದೂರ) ಶಾಕ್ ಇದ್ದರೆ ಸರಾಸರಿ 2.5. ಆ ಸರಾಸರಿಗಿಂತ, ಅದು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂಬುದು ಮುಖ್ಯ. ಆರಂಭದಲ್ಲಿ 2.9 ಇದ್ದು ಕೊನೆಗೆ 2.2ಕ್ಕೆ ಬರುವ ಫ್ರೇಮ್ ಸುಮಾರು 24 ಶೇಕಡಾ ಪ್ರೋಗ್ರೆಸಿವ್, ಅಂದರೆ ಕೊನೆಗೆ ಬಂದಂತೆ ಗಟ್ಟಿಯಾಗುವಂಥದು. ಅದರಲ್ಲಿ ಕಾಯಿಲ್ (ಲೋಹದ ಸ್ಪ್ರಿಂಗ್‌ನ) ಶಾಕನ್ನೂ ಧೈರ್ಯವಾಗಿ ಹಾಕಬಹುದು. ರೇಖೆ ಹೆಚ್ಚುಕಡಿಮೆ ಸಮತಟ್ಟಾಗಿದ್ದರೆ ಕಾಯಿಲ್ ಹಾಕಿದಾಗ ದೊಡ್ಡ ಹೊಡೆತಕ್ಕೆ ಟ್ರಾವೆಲ್ ಪೂರ್ತಿ ಮುಗಿದು ಗಕ್ಕೆಂದು ತಳ ತಾಗುತ್ತದೆ. ಏರ್ ಶಾಕ್‌ನಲ್ಲಿ ಸ್ಪೇಸರ್ (ಗಾಳಿಯ ಜಾಗ ಕಿರಿದಾಗಿಸುವ ತುಂಡು) ಹಾಕಿ ಅದನ್ನು ಬಹುಮಟ್ಟಿಗೆ ಸರಿದೂಗಿಸಬಹುದು.

ಎರಡನೆಯ ಉತ್ತರ

ನಾನು ಎರಡು ವರ್ಷಗಳಿಂದ ಹೈ ಪಿವಟ್ ಫ್ರೇಮ್ ಓಡಿಸುತ್ತಿದ್ದೇನೆ, ಹಿಂದಿರುಗುವ ಮನಸ್ಸಿಲ್ಲ. ಕಲ್ಲಿನ ಅಂಚಿಗೆ ತಾಗಿದಾಗ ಚಕ್ರ ಮೇಲಕ್ಕೆ ಮಾತ್ರವಲ್ಲದೆ ಹಿಂದಕ್ಕೂ ಸರಿಯುವುದರಿಂದ ಹೊಡೆತ ಬೈಕನ್ನು ತಡೆದು ನಿಲ್ಲಿಸುವುದಿಲ್ಲ, ವೇಗ ಉಳಿಯುತ್ತದೆ. 2018ರಲ್ಲಿ ಅಮೋರಿ ಪಿಯೆರಾನ್ ಡೌನ್‌ಹಿಲ್ ವರ್ಲ್ಡ್ ಕಪ್‌ನ ಒಟ್ಟಾರೆ ಪ್ರಶಸ್ತಿ ಗೆದ್ದದ್ದು ಇಂಥದೇ ವಿನ್ಯಾಸದ ಕಮೆನ್ಸಾಲ್ ಬೈಕಿನಲ್ಲಿ. ಐಡ್ಲರ್ ಇಲ್ಲದೆ ಪಿವಟನ್ನು ಅಷ್ಟು ಮೇಲೆ ಇಟ್ಟಿದ್ದರೆ ಕಿಕ್‌ಬ್ಯಾಕ್ ಸಹಿಸಲಾಗುತ್ತಿರಲಿಲ್ಲ. ಚೈನನ್ನು ಪಿವಟ್‌ನ ಸಮೀಪದಿಂದಲೇ ಹಾಯಿಸುವುದು ಅದಕ್ಕಾಗಿಯೇ.

ಆದರೆ ಪ್ರಶ್ನೆ ಕೇಳಿದವರ ಹಾದಿಗೆ ಇದನ್ನು ಕಣ್ಣುಮುಚ್ಚಿ ಸೂಚಿಸಲಾರೆ. ಚೈನ್ ಶುಚಿಯಾಗಿದ್ದು ಎಣ್ಣೆ ಹದವಾಗಿದ್ದಾಗ ಏರಿನಲ್ಲಿ ವ್ಯತ್ಯಾಸ ನನ್ನ ಗಮನಕ್ಕೆ ಬರುವುದಿಲ್ಲ. ಕೆಸರು ಮೆತ್ತಿಕೊಂಡ ದಿನ ಮಾತ್ರ ಐಡ್ಲರ್‌ನ ಬಳಿ ಕರಕರ ಸದ್ದು ಶುರುವಾಗಿ, ಆ ಘರ್ಷಣೆ ಕಾಲಿಗೇ ತಿಳಿಯುತ್ತದೆ. ನನ್ನ ಐಡ್ಲರ್‌ನ ಹಲ್ಲುಗಳು ಚೈನ್‌ರಿಂಗ್‌ಗಿಂತ ಬೇಗ ಸವೆದು ಗರಗಸದಂತೆ ಒಂದು ಬದಿಗೆ ವಾಲಿದ್ದವು. 126 ಕೊಂಡಿಗಳ ಒಂದು ಚೈನ್ ಸಾಲದೆ ಎರಡನೆಯದರ ತುಂಡನ್ನು ಸೇರಿಸಬೇಕಾಯಿತು. ಟ್ರಾವೆಲ್ ಮುಗಿಯುವಷ್ಟರಲ್ಲಿ ಹಿಂಬದಿಯ ಉದ್ದ 15ರಿಂದ 20 ಮಿ.ಮೀ.ವರೆಗೆ ಬೆಳೆಯುವ ಫ್ರೇಮ್‌ಗಳಿವೆ. ತಿರುವಿನಲ್ಲಿ ಬೈಕ್ ಕುಗ್ಗಿದಾಗ ಅದು ಉದ್ದವಾಗುವುದರಿಂದ ಮೈಯ ಭಾರವನ್ನು ಎಲ್ಲಿಡಬೇಕೆಂಬುದನ್ನು ನಾನು ಹೊಸದಾಗಿ ಕಲಿಯಬೇಕಾಯಿತು.

ಮೂರನೆಯ ಉತ್ತರ

ಫ್ಲೆಕ್ಸ್ ಸ್ಟೇ ಬಗ್ಗೆ ಸಂಕ್ಷೇಪವಾಗಿ: ಅದು ಹೆಚ್ಚಾಗಿ 120 ಮಿ.ಮೀ. ಆಸುಪಾಸಿನ ಟ್ರಾವೆಲ್‌ಗೆ ಹೇಳಿ ಮಾಡಿಸಿದ್ದು, ತೂಕ ಉಳಿಸುತ್ತದೆ, ನಿಮ್ಮ ಕಲ್ಲುಗಳಿಗೆ ಸಾಲದು.

ಯಾವುದನ್ನೇ ಕೊಂಡರೂ ಬೇರಿಂಗ್‌ಗಳನ್ನು ಕೇಳಿ ನೋಡಿ ಕೊಳ್ಳಿ. ಸಸ್ಪೆನ್ಷನ್ ಬೇರಿಂಗ್ ಪೂರ್ತಿ ಸುತ್ತು ತಿರುಗುವುದಿಲ್ಲ, ಕೆಲವೇ ಡಿಗ್ರಿ ಅತ್ತಿತ್ತ ಆಡುತ್ತದೆ. ಗುಂಡುಗಳು ಒಂದೇ ಜಾಗದಲ್ಲಿ ಒತ್ತಿ ಒತ್ತಿ ಅಲ್ಲಿಯೇ ಕುಳಿ ಬೀಳುತ್ತದೆ. ಕೇಜ್ (ಗುಂಡುಗಳ ನಡುವೆ ಅಂತರ ಇಡುವ ಚೌಕಟ್ಟು) ತೆಗೆದು ಗುಂಡುಗಳನ್ನು ತುಂಬಿಸಿದ ಬೇರಿಂಗ್‌ಗಳನ್ನು ಬಳಸುವುದು ಈ ಕಾರಣಕ್ಕೆ. ಕಳೆದ ಸಲ ನನ್ನ ಮುಖ್ಯ ಪಿವಟ್ ಬಿಚ್ಚಿದಾಗ ಸೀಲ್‌ನ ಹಿಂದಿನಿಂದ ತುಕ್ಕು ಬಣ್ಣದ ನೀರು ಇಳಿಯಿತು, ಬೆರಳಿನಲ್ಲಿ ತಿರುಗಿಸಿದರೆ ಬೇರಿಂಗ್ ತಡೆತಡೆದು ಹೋಗುತ್ತಿತ್ತು. ಶಾಕ್ ಕಳಚಿ ಹಿಂಬದಿಯನ್ನು ಕೈಯಿಂದ ಎತ್ತಿ ಬಿಟ್ಟಾಗ ಅದು ತನ್ನ ಭಾರಕ್ಕೇ ಸರಾಗವಾಗಿ ಇಳಿಯಬೇಕು. ನನ್ನದು ಎತ್ತಿದಲ್ಲೇ ನಿಂತಿತ್ತು. ಅಷ್ಟು ದಿನ ನಾನು ಶಾಕನ್ನು ದೂರುತ್ತಿದ್ದೆ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ಹೇಳಿದಂತೆಯೇ ಮಾಡಿ ನೋಡಿದೆ. ದೊಡ್ಡ ಸ್ಪ್ರಾಕೆಟ್‌ನಲ್ಲಿ ಪೆಡಲ್ ನಾಲ್ಕು ಬೆರಳಿನಗಲ ಹಿಂದೆ ಸರಿಯಿತು, ಚಿಕ್ಕದರಲ್ಲಿ ಅದಕ್ಕಿಂತ ಬಹಳ ಕಡಿಮೆ. ಚೈನ್ ತೆಗೆದು ಇಳಿದಾಗ ಬೈಕ್ ನಿಶ್ಶಬ್ದವಾಯಿತು, ಆದರೆ ಕಲ್ಲುಗಳ ಸಾಲಿನಲ್ಲಿ ಪಾದಕ್ಕೆ ಬೀಳುವ ಹೊಡೆತ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಮೊದಲ ಒಂದೆರಡು ಕಲ್ಲು ಮೆತ್ತಗೆ ದಾಟುತ್ತವೆ, ನಾಲ್ಕನೆಯದರ ಹೊತ್ತಿಗೆ ಹಿಂಬದಿ ಕಲ್ಲಿನಂತೆಯೇ ಗಟ್ಟಿಯಾಗುತ್ತದೆ. ಪಿವಟ್‌ಗಳು ಸರಾಗವಾಗಿವೆ.

ಮೊದಲ ಉತ್ತರ ಬರೆದವರಿಂದ

ಹಾಗಾದರೆ ರಿಬೌಂಡ್ (ಕುಗ್ಗಿದ ಶಾಕ್ ಮತ್ತೆ ಚಾಚಿಕೊಳ್ಳುವುದು) ಅತಿ ನಿಧಾನವಾಗಿದೆ. ಒಂದು ಹೊಡೆತದಿಂದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನದು ಬಂದು, ಟ್ರಾವೆಲ್ ಹಂತಹಂತವಾಗಿ ಕರಗಿಹೋಗುತ್ತಿದೆ. ರಿಬೌಂಡ್ ಗುಂಡಿಯನ್ನು ಒಂದೊಂದೇ ಕ್ಲಿಕ್ ತೆರೆಯುತ್ತಾ ಅದೇ ಕಲ್ಲುಗಳ ಮೇಲೆ ಮತ್ತೆ ಇಳಿಯಿರಿ. ಜೊತೆಗೆ ಸ್ಯಾಗ್ (ನೀವು ಕೂತಾಗ ಶಾಕ್ ಕುಗ್ಗುವ ಅಳತೆ) ಅಳೆಯಿರಿ: ಉದಾಹರಣೆಗೆ 60 ಮಿ.ಮೀ. ಸ್ಟ್ರೋಕ್‌ಗೆ 30 ಶೇಕಡಾ ಎಂದರೆ ಶಾಕ್‌ನ ರಬ್ಬರ್ ಉಂಗುರ 18 ಮಿ.ಮೀ. ಸರಿಯಬೇಕು.

ಒಂದು ಗಂಟೆ ತುಳಿದು ಏರುವ ನಿಮಗೆ ಐಡ್ಲರ್ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಕೊರತೆ ಇರುವುದು ಜ್ಯಾಮಿತಿಯಲ್ಲಿ. ಹೆಡ್ ಆ್ಯಂಗಲ್ 64ರಿಂದ 65 ಡಿಗ್ರಿ, ಏರಿಗೆ ನೆರವಾಗುವಂತೆ ಸೀಟ್ ಆ್ಯಂಗಲ್ 77ರ ಆಸುಪಾಸು, ಮೈಕಟ್ಟಿಗೆ ಒಗ್ಗುವ ರೀಚ್ ಇರುವ 150 ಮಿ.ಮೀ. ಹಾರ್ಸ್ಟ್ ಲಿಂಕ್ ಫ್ರೇಮನ್ನೇ ಹುಡುಕಿ. ಫ್ರೇಮ್ ಯುಡಿಎಚ್‌ಗೆ (ಗೇರ್ ಬದಲಿಸುವ ಡಿರೇಲರನ್ನು ತೂಗುಹಾಕುವ ಏಕರೂಪದ ಹ್ಯಾಂಗರ್) ಹೊಂದುವಂಥದಾಗಿರಲಿ. 2023ರಿಂದ ಬಂದಿರುವ, ಫ್ರೇಮ್‌ಗೇ ನೇರವಾಗಿ ಬಿಗಿಯುವ ಡಿರೇಲರ್‌ಗಳು ಅಂಥ ಫ್ರೇಮ್ ಇಲ್ಲದೆ ಕೂರುವುದಿಲ್ಲ.